ಅಟ್ಟದ ಮುಖ ತಿರುಗಿದ ಬೇಸಿಗೆ

ನಮ್ಮ ಕಾಲದ ಬೇಸಿಗೆಗೆ ಒಂದು ವಾಸನೆಯಿತ್ತು ಎಂದರೆ ಈಗಿನ ಮಕ್ಕಳು ನಗುತ್ತಾರೆ. ನಗಲಿ. ಮಾಳಿಗೆಯ ಮೇಲೆ ಒಣಹಾಕಿದ ಶಾವಿಗೆ, ಅಂಗಳದಲ್ಲಿ ಹರವಿದ ಹೊಸ ಹುಣಸೆಹಣ್ಣು, ಆಗತಾನೇ ಸಾರಿಸಿದ ನೆಲದ ಹಸಿ ಸಗಣಿ, ಈ ಮೂರೂ ಒಟ್ಟಿಗೆ ಮೂಗಿಗೆ ಬಡಿದರೆ ವೈಶಾಖ ಬಂತೆಂದೇ ಅರ್ಥ. ನಾನು ಹೇಳುತ್ತಿರುವುದು ಅರವತ್ತರ ದಶಕದ ಕೊನೆಯ ಮಾತು. ಗಡಿಯಾಚೆ ಮರಾಠಿ ಸೀಮೆಗೆ ಸೇರಿದ ಜತ್ತ ತಾಲೂಕಿನಲ್ಲಿ, ಉಮದಿಗೆ ಹೋಗುವ ದಾರಿಯಲ್ಲಿದ್ದ ನಮ್ಮೂರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಸಾಲಿಗೆ ರಜೆ ಬಿದ್ದದ್ದೇ ತಡ, ನಾವು ಹುಡುಗಿಯರು ಹುಣಸೆ ಬೀಜವನ್ನು ಕಲ್ಲಿಗೆ ತಿಕ್ಕಿ ಒಂದು ಮಗ್ಗುಲು ಬಿಳಿ ಮಾಡಿಕೊಂಡು ಚೌಕಾಬಾರ ಆಡಲು ಕೂತುಬಿಡುತ್ತಿದ್ದೆವು. ಊಟಕ್ಕೆ ಕರೆದರೆ ಕಿವಿಗೆ ಕೇಳಿಸುತ್ತಿರಲಿಲ್ಲ.

ಬೇಸಿಗೆಯ ದೊಡ್ಡ ಹಬ್ಬವೆಂದರೆ ಬಸವ ಜಯಂತಿ. ಬೆಳಿಗ್ಗೆ ಕೋಡಿಗೆ ಬಣ್ಣ ಹಚ್ಚಿದ ಎತ್ತುಗಳ ಮೆರವಣಿಗೆ, ಮಧ್ಯಾಹ್ನ ಗೋಧಿ ಹುಗ್ಗಿಯ ಊಟ, ಇಳಿಹೊತ್ತಿಗೆ ಕುಸ್ತಿ, ದೀಪ ಹಚ್ಚಿದ ಮೇಲೆ ಬೆಳಗು ಹರಿಯುವ ತನಕ ಬಯಲಾಟ. ಇದರ ಏರ್ಪಾಡೆಲ್ಲ ಗ್ರಾಮ ಪಂಚಾಯತಿಯದು. ಆಟ ಆಡುವ ಅಟ್ಟವನ್ನು, ಅಂದರೆ ಮರದ ರಂಗವನ್ನು, ಚಾವಡಿಯ ಎದುರಿನ ಬಯಲಿನಲ್ಲಿ ಕಟ್ಟುತ್ತಿದ್ದರು. ಅದರ ಮುಖ ಚಾವಡಿಯ ಕಡೆಗೆ, ಏಕೆಂದರೆ ಚಾವಡಿಯ ಕಟ್ಟೆಯ ಮೇಲೆ ಪಂಚರು ಕೂರುತ್ತಿದ್ದರು. ಉಳಿದ ಗಂಡಸರು ಕಟ್ಟೆಗೂ ಅಟ್ಟಕ್ಕೂ ನಡುವಿನ ಜಾಗದಲ್ಲಿ ಒತ್ತೊತ್ತಾಗಿ. ಹೆಂಗಸರಿಗೆ ಅಟ್ಟದ ಬೆನ್ನ ಹಿಂದಿದ್ದ ಮನೆಗಳ ಮಾಳಿಗೆ. ಅಲ್ಲಿಂದ ನೋಡಿದರೆ ಪರದೆಯ ಆಚೆ ರಾಜನ ಬೆನ್ನು ಕಾಣುತ್ತಿತ್ತು, ಕಿರೀಟಕ್ಕೆ ಬಿಗಿದ ದಾರ ಕಾಣುತ್ತಿತ್ತು, ಪರದೆಯ ಈಚೆ ರಾಕ್ಷಸ ಕೂತು ಬೀಡಿ ಸೇದುವುದು ಕಾಣುತ್ತಿತ್ತು. ಮುಖ ಮಾತ್ರ ಯಾರದೂ ಕಾಣುತ್ತಿರಲಿಲ್ಲ. ಪಡುವಣ ಗಾಳಿ ಹಾಡುಗಳನ್ನು ನಮ್ಮ ಕಡೆಗೇ ಹೊತ್ತು ತರುತ್ತಿದ್ದರಿಂದ ಕೇಳುವುದಕ್ಕೇನೂ ಕೊರತೆಯಿರಲಿಲ್ಲ.

ಆ ಆಟದಲ್ಲಿ ರಾಣಿ ನಮ್ಮಪ್ಪ. ಆಗೆಲ್ಲ ಹೆಣ್ಣಿನ ಪಾತ್ರವನ್ನೂ ಗಂಡಸರೇ ಮಾಡುತ್ತಿದ್ದರು. ಅಪ್ಪ ಮನೆಯಲ್ಲಿ ಭಾರೀ ಮೌನಿ. ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗುವಾಗ ನಾಲ್ಕು ಮಾತು, ಮನೆಯಲ್ಲಿ ಎರಡು: ‘ಹೂಂ’ ಮತ್ತು ‘ಸಾಕು’. ಅಂಥವನು ವರ್ಷಕ್ಕೊಮ್ಮೆ ಅವ್ವನ ಇಳಕಲ್ಲ ಸೀರೆ ಉಟ್ಟು, ಗಂಡನಿಂದ ಅಗಲಿ ಪರರ ಮನೆಯಲ್ಲಿ ಬೀಸಿ ಕುಟ್ಟಿ ಬದುಕುವ ರಾಣಿಯಾಗಿ ಹಾಡುತ್ತಿದ್ದ. ಅವ್ವ ಅವನನ್ನು ಗುರುತಿಸುತ್ತಿದ್ದದ್ದು ಸೀರೆಯ ಬೆನ್ನಿನಿಂದ. ಮರುದಿನ ಬಾವಿಯ ಹತ್ತಿರ ಒಬ್ಬರಲ್ಲ ಒಬ್ಬರು ಹೇಳುವವರೇ. ‘ಗೌರವ್ವಾ, ನಿನ್ನ ಗಂಡ ಈಗೀಗ ಭಾಳ ಅಳಸ್ತಾನಂತ ನೋಡು. ನಮ್ಮ ಮನ್ಯಾವ್ರು ಕಲ್ಲಿನಂಥಾ ಮನಷ್ಯಾ, ಅವ್ರೂ ಧೋತರದಾಗ ಕಣ್ಣ ಒರಸ್ಕೊಂಡ್ರಂತ.’

ಅವ್ವ ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಬರುತ್ತಿದ್ದಳು. ದಾರಿಯುದ್ದಕ್ಕೂ ನನಗೇ ಹೇಳಿದಂತೆ ಗೊಣಗುವಳು. ‘ಮನ್ಯಾಗ ಬಾಯಿ ತೆರೀದಾಂವ ಅಲ್ಲಿ ಅಂಥಾದ್ದೇನ ಮಾಡ್ತಾನವಾ? ಊರೆಲ್ಲಾ ನೋಡೇತಿ, ನಾ ಒಬ್ಬಾಕಿ ನೋಡಿಲ್ಲ.’

ಇನ್ನು ಅವ್ವ ಪಂಚಾಯತಿ ಮೆಂಬರಾದ ಕತೆ. ಕಾಯ್ದೆಯಂತೆ ಇಬ್ಬರು ಹೆಂಗಸರು ಇರಲೇಬೇಕಾಗಿತ್ತು. ಒಬ್ಬಾಕೆ ಸರಪಂಚ ಗೌಡರ ತಾಯಿ. ಆಕೆಗೆ ಎರಡೂ ಕಿವಿ ಮಂದ, ಅದು ಪಂಚಾಯತಿಗೆ ಅನುಕೂಲವೇ ಆಗಿತ್ತು. ಇನ್ನೊಂದು ಹೆಸರು ಬೇಕಾದಾಗ ಅಪ್ಪನನ್ನು ಕೇಳಿದರು, ಅಪ್ಪ ‘ಹೂಂ’ ಅಂದ. ಅಲ್ಲಿಂದ ಪ್ರತಿ ಮೀಟಿಂಗಿನ ಠರಾವಿನ ಪುಸ್ತಕವೂ ನಮ್ಮ ಮನೆಗೆ ಬರುತ್ತಿತ್ತು. ಅವ್ವ ಹಿಟ್ಟಿನ ಕೈ ತೊಳೆದು ಹೆಬ್ಬೆಟ್ಟು ಒತ್ತಿ ಕಳಿಸುತ್ತಿದ್ದಳು.

ಆ ವರ್ಷ ಹಬ್ಬ ಇನ್ನೂ ದೂರವಿರುವಾಗಲೇ ಪಂಚಾಯತಿಯ ಬರವಣಿಗೆ ನೋಡುವ ಗ್ರಾಮಸೇವಕರು ಬಂದರು. ತಾಸಗಾವ ಕಡೆಯ ಹುಡುಗ, ಮಾತು ಮರಾಠಿಯದಾದರೂ ಕನ್ನಡ ಕಲಿತಿದ್ದ. ಅವ್ವ ಅವನಿಗೆ ವೈನೀ, ಅಂದರೆ ಅತ್ತಿಗೆ. ಮಜ್ಜಿಗೆ ಕುಡಿದು ಪುಸ್ತಕ ಬಿಚ್ಚಿದ.

‘ವೈನೀ, ಹಬ್ಬದ್ದು ಠರಾವು. ಇಲ್ಲಿ ಒತ್ತರಿ.’

‘ಏನ ಬರದೀರಿ, ಓದ್ರಿ.’

ಅವನಿಗೆ ಆಶ್ಚರ್ಯ. ಆದರೂ ಓದಿದ. ಬಾವಿಯ ಹೂಳು ತೆಗೆಸುವುದು, ಪೆಟ್ರೋಮ್ಯಾಕ್ಸ್ ದೀಪಗಳನ್ನು ಉಮದಿಯಿಂದ ತರಿಸುವುದು, ಕುಸ್ತಿಯ ಕಣಕ್ಕೆ ಕೆಮ್ಮಣ್ಣು, ಅಟ್ಟ ಎಂದಿನಂತೆ ಚಾವಡಿಗೆ ಮುಖ ಮಾಡಿ.

‘ಮೀಟಿಂಗ್ ಆಗಿ ಹೋತೇನು?’

‘ಇಲ್ರಿ, ನಾಳಿ ಸಂಜಿಗೆ.’

‘ನಾಳಿ ಆಡೂ ಮಾತಿಗೆ ಇವತ್ತ ಹೆಬ್ಬೆಟ್ಟ ಹ್ಯಾಂಗ ಒತ್ಲಿ ತಮ್ಮಾ? ಹುಟ್ಟೂಕಿಂತ ಮೊದ್ಲ ಹೆಸರಿಟ್ಟಂಗಾತು. ನಾಳಿ ನಾನ ಬರ್ತೀನಿ ತಗೋ.’

ಗ್ರಾಮಸೇವಕರ ಮುಖ ನೋಡಬೇಕಿತ್ತು.

ಸುದ್ದಿ ಅಂಗಡಿಗೆ ಹೋಗಲು ಎಷ್ಟು ಹೊತ್ತು! ಸಂಜೆ ಅಪ್ಪ ಬಂದು ತಾಟಿನ ಮುಂದೆ ಕೂತ. ರೊಟ್ಟಿ ಮುರಿಯಲಿಲ್ಲ.

‘ಚಾವಡಿಗೆ ಹೊಂಟೀಯಂತ?’

‘ಹೌದ್ರಿ. ಅಟ್ಟದ ಮಾರಿ ತಿರಗಸ್ರಿ ಅಂತ ಹೇಳಾಕ ಹೊಂಟೀನಿ.’

‘ಅದು ತಿರಗಿದ್ರ ನಾ ಬಣ್ಣ ಹಚ್ಚಾಂಗಿಲ್ಲ.’

ಅಪ್ಪನ ಬಾಯಿಂದ ಅಷ್ಟು ಉದ್ದದ ಮಾತು ಬಂದದ್ದೇ ನನಗೆ ಸೋಜಿಗ. ಅವ್ವ ಚಟ್ನಿ ಬಡಿಸುವುದನ್ನು ನಿಲ್ಲಿಸಿದಳು. ‘ಯಾಕ್ರಿ? ಊರಿಗೆಲ್ಲಾ ತೋರಸೂ ಮಾರಿ ನನಗ ತೋರ್ಸಾಕ ಏನ ಅಡ್ಡಿ?’

ಅಪ್ಪ ಎದ್ದು ಹೋದ. ತಾಟು ಹಾಗೇ ಉಳಿಯಿತು. ಅಪ್ಪನಿಲ್ಲದಿದ್ದರೆ ರಾಣಿಯಿಲ್ಲ, ರಾಣಿಯಿಲ್ಲದಿದ್ದರೆ ಆಟವಿಲ್ಲ, ಆಟವಿಲ್ಲದ ಹಬ್ಬಕ್ಕೆ ಊರು ಅವ್ವನನ್ನೇ ಬೈಯುತ್ತದೆ. ಇಷ್ಟು ನನಗೂ ಗೊತ್ತಾಗುತ್ತಿತ್ತು. ಅವ್ವನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಆದರೂ ಮರುದಿನ ಸಂಜೆ ತಲೆ ಬಾಚಿಕೊಂಡು, ಸೆರಗು ಹೊದ್ದು, ನನ್ನ ಕೈ ಹಿಡಿದು ಹೊರಟೇಬಿಟ್ಟಳು.

ಚಾವಡಿಯಲ್ಲಿ ಪಂಚರು ಜಮಖಾನೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಅವ್ವ ಕಂಬದ ಪಕ್ಕ ಕೂತಳು. ಎಲೆ ಜಗಿಯುವುದು ನಿಂತಿತು.

‘ಬಾ ತಂಗೀ,’ ಎಂದರು ಸರಪಂಚ ಗೌಡರು. ಊರಿಗೆ ದೊಡ್ಡ ಮನುಷ್ಯರು, ಕೆಟ್ಟವರಲ್ಲ. ‘ಏನರ ತ್ರಾಸ ಐತೇನು?’

‘ತ್ರಾಸ ನನಗಲ್ರಿ ಗೌಡ್ರ, ನಿಮಗ. ಹೋದ ವರ್ಷ ಆಟದಾಗ ನಿಮ್ಮ ಮಾಳಗಿ ತೊಲಿ ಕಟಕ್ ಅಂತು. ನೀವು ಇಲ್ಲಿ ಕಟ್ಟಿ ಮ್ಯಾಲ ಇದ್ರಿ, ನಿಮಗ ಕೇಳಿಲ್ಲ. ಮ್ಯಾಲ ಕುಂತ ನಾವು ಕೇಳೀವಿ.’

ಗೌಡರು ನೆಟ್ಟಗೆ ಕೂತರು. ‘ನಮ್ಮ ಮಾಳಗಿ?’

‘ನಿಮ್ಮದ. ಊರಾಗಿನ ಅರ್ಧ ಹೆಂಗಸ್ರು ನಿಮ್ಮ ಮಾಳಗಿ ಮ್ಯಾಲ ಇರ್ತಾರ. ಈ ವರ್ಷ ಅದು ಕುಸದ್ರ ಪಂಚಾಯತಿ ಕಟ್ಟಿಸಿ ಕೊಡತೈತೇನು? ಕೊಡತೈತಿ ಅಂದ್ರ ಅದನ್ನ ಮೊದ್ಲ ಠರಾವಿನ್ಯಾಗ ಬರಸ್ರಿ, ನಾ ಈಗ ಹೆಬ್ಬೆಟ್ಟ ಒತ್ತತೀನಿ.’

ಗ್ರಾಮಸೇವಕರು ಗಾಬರಿಯಾಗಿ ಪೆನ್ನಿಗೆ ಟೋಪಿ ಹಾಕಿಬಿಟ್ಟರು. ‘ಹಂಗ ಬರಿಯಾಕ ಬರಾಂಗಿಲ್ರಿ, ಮೇಲಿನ ಸಾಹೇಬ್ರು ನನ್ನ ಕೇಳ್ತಾರ!’

ಹೆಂಗಸರು ಕೆಳಗೆ ಇಳಿಯಲೇಬೇಕು ಎಂಬುದು ಅಲ್ಲಿಗೆ ತೀರ್ಮಾನವಾಯಿತು. ತಮ್ಮ ತೊಲೆಯ ವಿಷಯ ಬಂದ ಮೇಲೆ ಗೌಡರೇ ಮುಂದಾಳು. ಆದರೆ ಕೂರುವುದು ಎಲ್ಲಿ? ಕಟ್ಟೆಯ ಮುಂದೆ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಗಂಡಸರು. ಜಾಗವಿದ್ದದ್ದು ಅಟ್ಟಕ್ಕೂ ಹಿಂದಿನ ಮನೆಗಳಿಗೂ ನಡುವಿನ ಖಾಲಿ ಬಯಲಿನಲ್ಲಿ.

‘ಅಟ್ಟ ಚಾವಡಿ ಕಟ್ಟಿಗೆ ಬೆನ್ನ ಮಾಡಿ ಕಟ್ರಿ, ಎಲ್ಲಾರೂ ಆ ಕಡೆ ಕುಂದ್ರೂಣು,’ ಎಂದಳು ಅವ್ವ.

ಆಟದ ಮೇಳದ ಹಿರಿಯ, ಕುರಿ ಮೇಯಿಸುವ ಮನೆತನದ ಈರಗೊಂಡಜ್ಜ, ಪಂಚರಲ್ಲೂ ಒಬ್ಬ. ಅವನಿಗೆ ಸಿಟ್ಟು ಬಂತು. ‘ಅಂದ್ರ ಪಂಚರು ಕಟ್ಟಿ ಬಿಟ್ಟು ಮಣ್ಣಾಗ ಕುಂದ್ರೂದೇನವಾ? ನಮ್ಮಪ್ಪನ ಕಾಲದಿಂದ ಅಟ್ಟದ ಮಾರಿ ಈ ಕಡೆ ಐತಿ.’

‘ಅಜ್ಜಾ, ನಿನ್ನ ಮೇಳದ ಹಾಡು ಗಾಳಿಗೆ ಹಾರಿ ನಮ್ಮ ಕಡೆ ಬರತೈತಿ, ಕಟ್ಟಿಗೆ ಅರ್ಧಾನೂ ಮುಟ್ಟೂದಿಲ್ಲ. ಈ ಸಲ ಪಂಚರೂ ಪೂರಾ ಕೇಳ್ಲಿ. ಮಣ್ಣ ಬ್ಯಾಡಂದ್ರ ನಮ್ಮ ಮನ್ಯಾಗಿನ ಜಮಖಾನಿ ನಾನ ತಂದು ಹಾಸ್ತೀನಿ.’

ಅಜ್ಜ ತನ್ನ ಮೇಳದ ಹಾಡಿನ ಮಾತು ಬಂದಾಗ ಮೆತ್ತಗಾದ. ಗೌಡರು ನಗುತ್ತ ಕೈ ಎತ್ತಿದರು. ‘ಬರಕೋರಿ ಗ್ರಾಮಸೇವಕ್ರ. ಮಾರಿ ಮೂಡಲಕ್ಕ.’ ಅವ್ವ ಹೆಬ್ಬೆಟ್ಟು ಒತ್ತಿದಳು. ಗಂಡನ ಹೆಸರನ್ನು ಒಮ್ಮೆಯೂ ತೆಗೆಯಲಿಲ್ಲ. ನನಗೆ ಆ ಸಂಜೆ ನನ್ನವ್ವ ಗೌಡರಿಗಿಂತ ಎತ್ತರವಾಗಿ ಕಂಡಳು, ಈಗಲೂ ಹಾಗೇ ಕಾಣುತ್ತಾಳೆ.

ಮನೆಯಲ್ಲಿ ಮಾತ್ರ ಗೆಲುವಿನ ಗಾಳಿಯಿರಲಿಲ್ಲ. ಅಪ್ಪ ತಾಲೀಮಿಗೆ ಹೋಗುವುದನ್ನೇ ಬಿಟ್ಟ. ಈರಗೊಂಡಜ್ಜ ಅಂಗಡಿಗೆ ಬಂದು ಕೂತ, ಬೈದ, ಬೇಡಿಕೊಂಡ. ‘ರಾಣಿ ಇಲ್ದ ನಾ ಯಾರನ್ನ ಅಳಸ್ಲೋ?’ ಅಪ್ಪ ಬೆಲ್ಲದ ಪೆಂಟೆ ಒಡೆಯುತ್ತಲೇ ಇದ್ದ. ಬಾವಿಯ ಹತ್ತಿರದ ಮಾತುಗಳೂ ಬದಲಾದವು. ‘ಹೆಣ್ಣ ಹಟಾ ಮಾಡಿ ಹಬ್ಬಾ ಕೆಡಸ್ತು’ ಎಂದರು. ಅವ್ವ ಬಗ್ಗಲಿಲ್ಲ, ಗಂಡನನ್ನು ಒತ್ತಾಯಿಸಲೂ ಇಲ್ಲ. ಇಳಕಲ್ಲ ಸೀರೆಯನ್ನು ಒಗೆದು, ಗಂಜಿ ಹಾಕಿ, ನೆರಳಲ್ಲಿ ಒಣಗಿಸಿ, ಮಡಿಚಿ ಗೂಟದ ಕೆಳಗಿನ ಪೆಟ್ಟಿಗೆಯ ಮೇಲೆ ಇಟ್ಟಳು. ಅದರ ವಿಷಯ ಯಾರೂ ಆಡಲಿಲ್ಲ.

ಹಬ್ಬದ ದಿನ ಹುಗ್ಗಿಗೆ ತುಪ್ಪ ಸುರಿದುಕೊಂಡು ಉಂಡು, ಕುಸ್ತಿ ನೋಡಿ, ಧೂಳು ಮೈಯಾಗಿ ಮನೆಗೆ ಓಡಿ ಬಂದೆ. ಪೆಟ್ಟಿಗೆಯ ಮೇಲೆ ಸೀರೆ ಇರಲಿಲ್ಲ. ‘ಅವ್ವಾ, ಸೀರಿ!’ ಎಂದು ಕೂಗಿದೆ.

‘ನಾ ಕುರಡೀ ಏನು? ಮಾರಿ ತೊಳಕೊ, ಲಗೂನ ಹೋಗಿ ಮುಂದ ಜಾಗಾ ಹಿಡೀಬೇಕು.’

ಆಟ ನಡೆಯಿತು. ರಾಜ ಮೆರೆದ, ರಾಕ್ಷಸ ಕೂಗಿದ, ಮೊದಲ ಸಲ ಅವನ ಕೋರೆಹಲ್ಲು ನೋಡಿ ನಾನು ಹೆದರಿದೆ, ನಿದ್ದೆ ಹೋದೆ. ಅವ್ವ ಅಲುಗಿಸಿ ಎಬ್ಬಿಸಿದಾಗ ಪೆಟ್ರೋಮ್ಯಾಕ್ಸ್ ಮಂಕಾಗಿತ್ತು, ನಮ್ಮ ಬೆನ್ನ ಹಿಂದೆ ಮೂಡಲು ಕೆಂಪಾಗಿ ಅಟ್ಟದ ಮೇಲೆಲ್ಲ ಬೆಳಕು. ರಾಣಿ ಪರರ ಮನೆಯಲ್ಲಿ ಬೀಸುವ ಸನ್ನಿವೇಶ. ಅಟ್ಟದ ಮೇಲೆ ಬೀಸುವ ಕಲ್ಲಿರಲಿಲ್ಲ, ಇದ್ದಂತೆಯೇ ಅಪ್ಪ ಅದರ ಮುಂದೆ ಕೂತ. ಬಲಗಾಲು ಚಾಚಿದ, ಎಡಗಾಲು ಮಡಿಚಿದ. ಕಾಳನ್ನು ಅಂಗೈಯಲ್ಲಿ ಹಿಡಿದು ಹರಳು ಆರಿಸಿ ಊದಿದ. ನಾನು ಫಕ್ಕನೆ ನಕ್ಕೆ, ಅದು ಥೇಟು ನಮ್ಮವ್ವ! ಬೀಸುತ್ತ ಹಾಡುತ್ತ ದನಿ ನಡುಗಿತು. ಅತ್ತಾಗ ರಾಣಿ ಕಣ್ಣೊರೆಸಿಕೊಂಡದ್ದು ಅಂಗೈಯಿಂದಲ್ಲ. ಹಿಟ್ಟಿನ ಕೈ ದೂರ ಹಿಡಿದು ರಟ್ಟೆಗೆ ಕಣ್ಣು ಒತ್ತಿದಳು, ಅಳು ಹೊರಗೆ ಕೇಳದಂತೆ ತುಟಿ ಕಚ್ಚಿದಳು, ಸದ್ದು ಕೇಳಬಾರದೆಂದು ಕಲ್ಲನ್ನು ಇನ್ನೂ ಜೋರಾಗಿ ತಿರುಗಿಸಿದಳು.

ನನ್ನ ಭುಜದ ಮೇಲಿದ್ದ ಅವ್ವನ ಕೈ ಬಿಗಿಯಾಯಿತು.

ಅದಕ್ಕೆ ಕೆಲವು ವರ್ಷ ಮೊದಲು ನನಗೊಬ್ಬ ತಮ್ಮನಿದ್ದ. ಅಂಬೆಗಾಲಿಡುವ ಹೊತ್ತಿಗೆ ಜ್ವರ ಬಂದು ತೀರಿಹೋದ. ಅವ್ವ ಜನರ ಮುಂದೆ ಹೆಚ್ಚು ಅಳಲಿಲ್ಲ, ಗಟ್ಟಿ ಹೆಣ್ಣು ಎಂದು ಹೆಸರಾಯಿತು. ಅವಳು ಅತ್ತದ್ದು ನಸುಕಿನಲ್ಲಿ, ಜೋಳ ಬೀಸುವಾಗ, ಮನೆಯವರೆಲ್ಲ ಮಲಗಿದ್ದಾರೆಂದುಕೊಂಡು. ಕಂಬಳಿಯೊಳಗೆ ಅಪ್ಪನಿಗೆ ಎಚ್ಚರವಿತ್ತು. ಕಂಡದ್ದನ್ನು ಅವಳಿಗೆ ಹೇಳಲು ಬಾರದೆ, ಒಳಗೇ ಇಟ್ಟುಕೊಳ್ಳಲೂ ಆಗದೆ, ವರ್ಷ ವರ್ಷ ಊರಿನ ಗಂಡಸರ ಮುಂದೆ ಅದನ್ನೇ ಅತ್ತು ಬರುತ್ತಿದ್ದ. ಅಟ್ಟದ ಮುಖ ತಿರುಗಬಾರದೆಂದು ಅವನು ಹಟ ಹಿಡಿದದ್ದು ಇದಕ್ಕೆ.

ಸುತ್ತಲಿನ ಹೆಂಗಸರು ಅಳುತ್ತಿದ್ದರು. ಅವ್ವ ಅಳಲಿಲ್ಲ, ಕಣ್ಣು ಮಿಟುಕಿಸದೆ ನೋಡಿದಳು.

ಮನೆಗೆ ಬಂದಾಗ ಅಪ್ಪ ಬಚ್ಚಲಕಲ್ಲಿನ ಮೇಲೆ ಕೂತು ಬಣ್ಣ ತೊಳೆಯುತ್ತಿದ್ದ. ಅವ್ವ ತಂಬಿಗೆ ತೆಗೆದುಕೊಂಡು ನೀರು ಹಾಕತೊಡಗಿದಳು.

‘ಎಚ್ಚರ ಇದ್ರೇನು?’

‘ಇದ್ದೆ.’

‘ಒಂದ ಮಾತು ಕೇಳಬಾರದಾಗಿತ್ತೇನ್ರಿ?’

ಅಪ್ಪ ಬಗ್ಗಿಸಿದ ತಲೆ ಎತ್ತಲಿಲ್ಲ. ‘ಏನ ಕೇಳ್ಲಿ? ಕೇಳಿದ್ರ ನೀ ಅಳೂದೂ ಬಿಡ್ತಿದ್ದಿ.’

ಅವ್ವ ಇನ್ನೊಂದು ತಂಬಿಗೆ ನೀರು ಹಾಕಿದಳು. ಆಮೇಲೆ ಅವನ ಗದ್ದ ಹಿಡಿದು ಮುಖ ತನ್ನ ಕಡೆ ತಿರುಗಿಸಿ, ಸೆರಗಿನ ತುದಿಯಿಂದ ಕಣ್ಣಂಚಿನ ಕಾಡಿಗೆ ಒರೆಸಿದಳು. ನಾನು ಬಾಗಿಲಲ್ಲಿ ನಿಂತಿದ್ದೆ, ಇಬ್ಬರಿಗೂ ನನ್ನ ಕಡೆ ಗಮನವಿರಲಿಲ್ಲ. ಅಂದಿನಿಂದ ಅಪ್ಪ ಮಾತುಗಾರನಾದ ಎಂದರೆ ಸುಳ್ಳು. ಆದರೆ ನಸುಕಿನಲ್ಲಿ ಬೀಸುವ ಸದ್ದಿನ ಜೊತೆಗೆ ಎರಡು ದನಿ ಕೇಳಿಬರುತ್ತಿದ್ದವು. ಅದು ನನಗೆ ಖಾತ್ರಿಯಾಗಿ ನೆನಪಿದೆ.

ಇಬ್ಬರೂ ಈಗಿಲ್ಲ. ಹಬ್ಬ ಇದೆ, ಮೊದಲಿಗಿಂತ ಜೋರಾಗಿಯೇ ಇದೆ. ಪಂಚಾಯತಿ ಸಿಮೆಂಟಿನ ವೇದಿಕೆ ಕಟ್ಟಿಸಿದೆ, ಕುರ್ಚಿ ಹಾಕಿಸುತ್ತದೆ, ಹೆಂಗಸರು ತಮಗೆ ಬೇಕಾದಲ್ಲಿ ಕೂರುತ್ತಾರೆ, ಅದರಲ್ಲಿ ನನಗೆ ಬಲು ಹೆಮ್ಮೆ. ಈರಗೊಂಡಜ್ಜನ ಮೇಳ ಅವನ ಜೊತೆಗೇ ಮುಗಿಯಿತು. ಈಗ ನಾಟಕಕ್ಕೆ ಹೊರಗಿನಿಂದ ಕಂಪನಿಯವರು ಬರುತ್ತಾರೆ. ಹೋದ ಬೇಸಿಗೆ ನಾನೂ ಮುಂದಿನ ಸಾಲಿನಲ್ಲಿ ಕೂತು ನೋಡಿದೆ. ನಾಯಕಿ ಚಂದದ ಹುಡುಗಿ, ಮೈಕಿನ ಮುಂದೆ ಚಲೋ ಅತ್ತಳು, ಜನ ಚಪ್ಪಾಳೆ ತಟ್ಟಿದರು. ನಾನು ಸುತ್ತ ಕೂತ ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡಿದೆ. ಅಪ್ಪ ಅತ್ತದ್ದು ಅವ್ವನ ಅಳು; ಈ ಹುಡುಗಿಯ ಅಳು ಯಾರದೆಂದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.