ಒಂದು ಗಳಿಗೆ ಹಿಡಿದ ಉಸಿರು

ಮಲ್ಕಾಜ್‌ಗಿರಿಯ ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಾಗ ಆಸ್ಪತ್ರೆಯಿಂದ ಫೋನ್ ಬಂತು. ಅಲ್ಲಿ ಸೇರಿಸಿದ್ದ ಯಜಮಾನರ ನ್ಯುಮೋನಿಯಾ ಹೆಚ್ಚಾಗಿ ವೆಂಟಿಲೇಟರ್ ಹಾಕಿದ್ದರು. ಹಿಟ್ಟಿನ ಕೈ ತೊಳೆದು ಓಡಿದೆ.

ಐಸಿಯುನಲ್ಲಿ ನರ್ಸ್ ಯಂತ್ರದ ಗುಂಡಿಯೊಂದನ್ನು ಒತ್ತಿದಳು. ಏರಿದ್ದ ಅವರ ಎದೆ ಇಳಿಯದೆ ಹಾಗೆಯೇ ನಿಂತಿತು. "ಮೈಲಾರಲಿಂಗಾ" ಎನ್ನುತ್ತ ನಾನು ಮಂಚದ ಕಂಬಿ ಹಿಡಿದೆ.

"ಹೆದರಬ್ಯಾಡ್ರಿ ಅಕ್ಕಾ, ನಾನೇ ಒಂದು ಗಳಿಗಿ ಉಸಿರು ಹಿಡಿದೀನಿ. ಒಳಗ ಒತ್ತಡ ಎಷ್ಟೈತಿ ನೋಡಾಕ," ಎಂದಳು ರಾಯಚೂರಿನ ಆ ಹುಡುಗಿ.

ಎದೆ ಇಳಿಯಿತು. ನಾನು ಕನ್ನಡಕ ಸರಿಮಾಡಿಕೊಂಡು ಯಂತ್ರದ ಪರದೆಯತ್ತ ಬಗ್ಗಿದೆ. ಊಟಕ್ಕೆ ಕೂತವರು ಸಾಕೆಂದರೂ ಇನ್ನೊಂದು ಸೌಟು ಹಾಕುವುದು ನಮ್ಮ ಮನೆಯ ರೂಢಿ. ಅದೇ ರೂಢಿಯಲ್ಲಿ, "ಕೈ ಬಿಗಿ ಹಿಡೀಬ್ಯಾಡವ್ವಾ, ಇನ್ನಷ್ಟು ಗಾಳಿ ಬಿಡು," ಎಂದೆ.

ಅವಳು ನಕ್ಕಳು. "ಜಾಸ್ತಿ ತುಂಬಿದ್ರ ಶ್ವಾಸಕೋಶಕ್ಕ ಪೆಟ್ಟು ಬೀಳತೈತ್ರಿ. ಒತ್ತಡದ ಈ ಅಂಕಿ ಮೂವತ್ತರ ಒಳಗ ಇರಬೇಕು. ಮೊದಲು ಮೂವತ್ನಾಕಿತ್ತು. ಗಾಳಿ ಕಡಿಮಿ ಮಾಡೀವಿ, ಈಗ ಇಪ್ಪತ್ತೇಳು."

ಅವರು ತಾವೇ ಉಸಿರಾಡಲು ಇನ್ನೂ ಒಂಬತ್ತು ದಿನ ಬೇಕಾಯಿತು. ಅಂಕಿ ನೋಡಿದ ಆ ಮೊದಲ ದಿನ ಮಾತ್ರ ದೇವರಲ್ಲಿ ಹೆಚ್ಚೇನೂ ಬೇಡಲಿಲ್ಲ, ಕೊಟ್ಟ ಇಪ್ಪತ್ತೇಳಕ್ಕೆ ಕೈಮುಗಿದೆ. ಮನೆಗೆ ಬರುವಷ್ಟರಲ್ಲಿ ನಳದಲ್ಲಿ ನೀರು ಬಂದಿತ್ತು. ಕೊಡ ತೊಳೆದು, ತುಳುಕದಷ್ಟು ಮಾತ್ರ ಹಿಡಿದೆ.