ಬೀಸುವ ಕಲ್ಲು ಊರಲ್ಲೇ ಉಳಿಯಿತು

ನಮ್ಮ ವಂಶದಲ್ಲಿ ಬಿ.ಎ. ಮಾಡಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ, ಅದು ಪುಕ್ಕಟೆ ಬಂದದ್ದಲ್ಲ.

ಅಪ್ಪ ಮಿಲಿಟರಿಯಲ್ಲಿ ಹವಾಲ್ದಾರ. ಕ್ವಾರ್ಟರ್ಸ್ ಸಿಕ್ಕಿದೆ, ರಜೆ ಸಿಕ್ಕಿಲ್ಲ, ನೀನೇ ಎಲ್ಲ ಕಟ್ಟಿಕೊಂಡು ಬಾ ಎಂದು ಜಬಲ್‌ಪುರದಿಂದ ರಜೆಗೆ ಬಂದ ಒಬ್ಬ ಸಿಪಾಯಿಯ ಕೈಲಿ ಅವ್ವನಿಗೆ ಹೇಳಿಕಳಿಸಿದರು. ಅವ್ವ ನಮ್ಮೂರು ಅಗರ ಬಿಟ್ಟು ಕೊಳ್ಳೇಗಾಲದ ಸಂತೆಗಿಂತ ಆಚೆ ಹೋದವಳಲ್ಲ. ಆಗ ಕೊಳ್ಳೇಗಾಲ ಮದ್ರಾಸಿಗೆ ಸೇರಿತ್ತು. ಅವಳು ಕಂಡ ಪರರಾಜ್ಯವೆಂದರೆ ಅದೇ. ಆದರೂ ಪಾತ್ರೆ, ಕಂಬಳಿ, ರಾಗಿ ಎಲ್ಲ ಕಟ್ಟಿದಳು. ಅಲ್ಲಿ ರಾಗಿ ಕಂಡವರಾಗಲಿ ಬೀಸಿಕೊಡುವವರಾಗಲಿ ಇಲ್ಲವೆಂದು ಸಿಪಾಯಿ ಹೇಳಿದ್ದರಿಂದ ಬೀಸುವ ಕಲ್ಲನ್ನೂ ಕೇಳಿದಳು.

ಕಲ್ಲು ಅಜ್ಜಿಯದು, ಅಂದರೆ ಅಪ್ಪನ ಅವ್ವನದು. ಅವಳು ಇಲ್ಲವೆನ್ನಲಿಲ್ಲ. ತಾನೇ ಹುಲ್ಲು ಸುತ್ತಿ ಗೋಣಿಗೆ ಹಾಕಿಸಿದಳು. ಆದರೆ ಗಾಡಿ ಬಂದು ನಿಂತ ಮೇಲೆ ನನ್ನ ಕೈ ಬಿಡಲಿಲ್ಲ.

"ಕಲ್ಲು ತಕಂಡೋಗು. ಮಗು ನನ್ನತ್ರ ಇರ್ಲಿ. ಎಣ್ ಮಗೀನ ಕಾಣದ ದೇಸ್ದಲ್ಲಿ ಯಾಕಮ್ಮಿ ಅಲೆಸ್ತೀಯೆ?"

ನಾನು ಉಳಿದರೆ ಏನಾಗುತ್ತದೆಂದು ಅವ್ವನಿಗೆ ಗೊತ್ತಿತ್ತು. ನನ್ನ ಓರಗೆಯ ಹುಡುಗಿಯರೆಲ್ಲ ಸ್ಲೇಟು ಬಿಟ್ಟು ಎಮ್ಮೆ ಹಿಂದೆ ಹೋಗುತ್ತಿದ್ದರು. ಪಲ್ಟನ್ನಿನ ಮಕ್ಕಳಿಗೆ, ಹೆಣ್ಣಿರಲಿ ಗಂಡಿರಲಿ, ಸ್ಕೂಲಿದೆಯೆಂದು ಆ ಸಿಪಾಯಿಯೇ ಹೇಳಿದ್ದ.

ಅವ್ವ ಗಾಡಿಯಿಂದ ಇಳಿದು, ಗೋಣಿ ಬಿಚ್ಚಿ, ಕಲ್ಲಿನ ಎರಡೂ ಹೋಳನ್ನು ಒಂದಾದ ಮೇಲೊಂದು ಒಳಕ್ಕೆ ಹೊತ್ತು ಅದರ ಮೂಲೆಯಲ್ಲೇ ಕೂರಿಸಿದಳು.

"ಕಲ್ಲು ಇಲ್ಲೇ ಇರ್ಲಿ, ಅತ್ತೆ. ಇಟ್ಟಿಲ್ದಿದ್ರೆ ನಿಮ್ಮ ಮಗ ಗೋದಿ ತಿಂತರೆ. ಇವಳು ಓದ್ದೆ ಇರೋದ್ ಬ್ಯಾಡ."

ಅಜ್ಜಿ ನನ್ನ ಕೈ ಯಾವಾಗ ಬಿಟ್ಟಳೋ ತಿಳಿಯಲಿಲ್ಲ. ಆಮೇಲೆ ಕಾಲು ಚಾಚಿ ಕಲ್ಲಿನ ಮುಂದೆ ಕೂತು, ಗಾಡಿಯಲ್ಲಿದ್ದ ರಾಗಿ ತರಿಸಿದಳು. ಯಳಂದೂರಲ್ಲಿ ಬಸ್ಸು ತಪ್ಪುತ್ತದೆಂದು ಗಾಡಿಯವನು ಗೊಣಗಿದ.

"ನಿಂತ್ಕಳ್ಲಾ. ನಿನ್ನೆತ್ತು ಯಾವತ್ತು ಓಡಿದ್ದೊ, ಇವತ್ತು ಓಡಕೆ?"

ಅವ್ವ ಎದುರು ಕೂತಳು, ದಿನಾ ಬೆಳಗ್ಗೆ ಕೂರುತ್ತಿದ್ದ ಹಾಗೆಯೇ. ಒಂದೇ ಗೂಟಕ್ಕೆ ಇಬ್ಬರ ಕೈ. ಅವರು ಹಾಡಿಲ್ಲದೆ ಬೀಸಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅಜ್ಜಿ ಹಿಟ್ಟನ್ನು ಹಳೆ ಸೀರೆಯ ತುಂಡಿನಲ್ಲಿ ಗಂಟು ಕಟ್ಟಿ, ಬೇರೆಲ್ಲೂ ಜಾಗವಿಲ್ಲದೆ ನನ್ನ ಪುಸ್ತಕದ ಚೀಲಕ್ಕೆ ತುರುಕಿದಳು.

"ಇದು ಮುಗಿಯಗಂಟ ಉಣ್ಣಿ. ಆಮ್ಯಾಕೆ ಆ ಗೋದಿ."

ಬಸ್ಸು, ಆಮೇಲೆ ರೈಲು. ಗಂಟು ಕಾಯುವುದು, ನೀರು ಹಿಡಿಯುವುದು, ಬಾರದ ಭಾಷೆಯಲ್ಲಿ ದಾರಿ ಕೇಳುವುದು, ಎಲ್ಲ ಅವ್ವನೇ. ಅಪ್ಪ ಸ್ಟೇಷನ್ನಿಗೆ ಬಂದರು, ಅಷ್ಟೇ. ಮುಂದೆ ಪ್ರತಿ ವರ್ಗಾವಣೆಯೂ ಹೀಗೆಯೇ ಆಯಿತು. ಯಾವ ಹೊಸ ಕ್ವಾರ್ಟರ್ಸಿಗೆ ಹೋದರೂ ಅವಳು ಟ್ರಂಕು ಬಿಚ್ಚುವ ಮೊದಲು ನನ್ನನ್ನು ಸ್ಕೂಲಿಗೆ ಸೇರಿಸುತ್ತಿದ್ದಳು. ಹೊಸ ಮನೆಯಲ್ಲಿ ಹಾಲು ಉಕ್ಕಿಸುವುದೂ ಆಮೇಲೆಯೇ.

ಜಬಲ್‌ಪುರದ ಸ್ಕೂಲಿನಲ್ಲಿ ಮೊದಲ ದಿನ ಪುಸ್ತಕ ತೆರೆದೆ. ಹಾಳೆಗಳ ನಡುವೆಯೆಲ್ಲ ರಾಗಿ ಹಿಟ್ಟು. ಟೀಚರು ಬಗ್ಗಿ ನೋಡಿ ಏನೋ ಕೇಳಿದರು, ಅರ್ಥವಾಗಲಿಲ್ಲ. ಕೊಡವು ಎಂದಿರಬೇಕು. ನಾನು ಕೊಡವದೆ, ಹಿಟ್ಟು ಚೆಲ್ಲದ ಹಾಗೆ ಮೆಲ್ಲಗೆ ಮುಂದಿನ ಹಾಳೆ ತಿರುವಿದೆ.