ಇಸ್ತ್ರಿ ಅಕ್ಕ ಬೆಲ್ ಒತ್ತದ ದಿನ

ಇಪ್ಪತ್ತು ವರ್ಷಗಳಿಂದ ನಮ್ಮ ಕಟ್ಟಡದವರ ಬಟ್ಟೆಗೆ ಇಸ್ತ್ರಿ ಹಾಕುವ ಅಕ್ಕ ಯಾರ ಮನೆಯ ಹೊಸ್ತಿಲನ್ನೂ ದಾಟಿದವಳಲ್ಲ. ಬೆಲ್ ಒತ್ತಿ, ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾಳೆ. "ಅವರವರ ಮನೆ ಅವರವರಿಗೆ" ಎನ್ನುತ್ತಾಳೆ.

ಇವತ್ತು ಬೆಳಿಗ್ಗೆ ಒಂಟಿಯಾಗಿರುವ ಟೀಚರ್ ಮನೆಯಿಂದ ಗ್ಯಾಸ್ ವಾಸನೆ ಮೂಗಿಗೆ ಬಡಿಯಿತು. ಟೀಚರ್‌ಗೆ ಯಾರೂ ತಮ್ಮ ತಂಟೆಗೆ ಬರಬಾರದು. ಹಾಗಾಗಿ ನೆರೆಯವರಾದ ನಾವು ನಾಲ್ಕು ಜನ ಹೊರಗಿನಿಂದಲೇ ಕರೆದು, ಉತ್ತರ ಬಾರದೆ, ಮರ್ಯಾದಸ್ಥರಂತೆ ಮುಖ ಮುಖ ನೋಡಿಕೊಳ್ಳುತ್ತಾ ನಿಂತಿದ್ದೆವು. ಕೊನೆಗೆ ನಾನು ಬೆಲ್‌ಗೆ ಕೈ ಚಾಚಿದೆ. ಹಿಂದಿನಿಂದ ಬಂದ ಅಕ್ಕ ಆ ಕೈಗೆ ಫಟ್ಟನೆ ಹೊಡೆದಳು.

"ಕಿಡಿ ಹಾರುತ್ತೆ. ತೆಗೀರಿ ಕೈ."

ಬಟ್ಟೆಯ ಗಂಟನ್ನು ನನ್ನ ತೋಳಿಗೆ ತುರುಕಿ ಬಾಗಿಲು ತಳ್ಳಿದಳು. ಚಿಲಕವೇ ಹಾಕಿರಲಿಲ್ಲ! ಹಾಲು ಉಕ್ಕಿ ಒಲೆ ಆರಿಹೋಗಿತ್ತು. ಅಕ್ಕ ಗ್ಯಾಸ್ ನಿಲ್ಲಿಸಿ, ಕಿಟಕಿಗಳನ್ನೆಲ್ಲ ತೆರೆದು, ನೆಗಡಿಯಿಂದ ಮೂಗು ಕಟ್ಟಿ ಮಲಗಿದ್ದ ಟೀಚರನ್ನು ರಟ್ಟೆ ಹಿಡಿದು ಹೊರಗೆ ಕರೆತಂದಳು.

"ಕೇಳದೆ ಒಳಗೆ ಬಂದ್ಯಾ?" ಎಂದರು ಟೀಚರ್, ಕಣ್ಣುಜ್ಜುತ್ತಾ.

"ಕೇಳ್ತಾ ನಿಂತಿದ್ರೆ ದಾಟೋಕೆ ಹೊಸ್ತಿಲೇ ಇರ್ತಿರ್ಲಿಲ್ಲ."

ವಾಸನೆ ಪೂರ್ತಿ ಹೋದ ಮೇಲೆ ಟೀಚರ್ ಒಳಗೆ ಸೇರಿ ಬಾಗಿಲು ಹಾಕಿಕೊಂಡರು. ಅಕ್ಕ ನನ್ನಿಂದ ಗಂಟು ಇಸಿದುಕೊಂಡು, ಬೆಲ್ ಒತ್ತಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತಳು.